ಅಪ್‌ಡೇಟ್: ಸಿಂಗಾಪುರ ಪ್ರವಾಸ, ಲಸಿಕೆ ಸರ್ಟಿಫಿಕೇಟ್‌ನ ಹೆಸರು ಸರಿಹೋಯ್ತು (ಮೇ 2022)

ಅಪ್ಪಾರ ಕೋವಿನ್ (ಸರ್ಕಾರದ ಕೋವಿಡ್ ಲಸಿಕೆ ಪೋರ್ಟಲ್) ಸರ್ಟಿಫಿಕೇಟ್‌ನಾಗ ಆಧಾರ್‌ನಾಗ ಇದ್ದಂಗ ಇನಿಶಿಯಲ್, ಪಾಸ್‌ಪೋರ್ಟ್‌ನಾಗ ಪೂರ್ತಿ ಹೆಸರು ಐತಿ, ಏನ್ ಮಾಡೋದು ಅಂತ ಕೇಳಿದ್ದೆ. ಕೆಲಸ ಆತ್ರಿ.

ಹುಬ್ಬಳ್ಳಿ ಕೋರ್ಟ್ ಹತ್ರ ನೋಟರಿ ಅಫಿಡವಿಟ್ ಮಾಡಿಸ್ರಿ ಅಂತ ಕೆಲವರು ಅಂದಿದ್ರು, ಉಪಯೋಗಕ್ಕೆ ಬರಲಿಲ್ಲ. ಸರ್ಟಿಫಿಕೇಟ್‌ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರ ಹಳೇ ಹೆಸರೇ ಬರ್ತದ. ಲಸಿಕೆ ಹಾಕಿದ ಕೇಂದ್ರದಾಗೂ ತಿದ್ದಲಿಲ್ಲ.

ಫಲ ಕೊಟ್ಟಿದ್ದು ಧಾರವಾಡದ ಅಕ್ಕಾರು ಹೇಳಿದ ದಾರಿ. ಕೋವಿನ್‌ಗೆ ನೋಂದಾಯಿತ ಮೊಬೈಲ್‌ನಿಂದ ಲಾಗಿನ್ ಆಗಿ, ‘ರೈಸ್ ಆ್ಯನ್ ಇಶ್ಯೂ’ ಒಳಗ ಮೊದಲು ಹೆಸರು ತಿದ್ರಿ, ಆಮೇಲೆ ಪಾಸ್‌ಪೋರ್ಟ್ ನಂಬರ್ ಸೇರಿಸ್ರಿ. ಪದೇ ಪದೇ ತಿದ್ದಾಕ ಬಿಡಂಗಿಲ್ಲ, ಅದಕ್ಕ ಪಾಸ್‌ಪೋರ್ಟ್ ಮುಂದಿಟ್ಕೊಂಡೇ ಒಂದೊಂದು ಅಕ್ಷರ ಟೈಪ್ ಮಾಡ್ರಿ.

ನನಗ ಗೊತ್ತಿರದ ಸಂಗತಿ: ಅಂತರರಾಷ್ಟ್ರೀಯ ಪ್ರಯಾಣದ ಸರ್ಟಿಫಿಕೇಟ್ ಬ್ಯಾರೇನ ಐತಿ. ಮಾಮೂಲಿ ಸರ್ಟಿಫಿಕೇಟ್‌ನಾಗ ವಯಸ್ಸಷ್ಟೇ, ಇದರಾಗ ಪೂರ್ತಿ ಜನ್ಮ ದಿನಾಂಕ. ಇದನ್ನ ಹೊಸದಾಗಿ ಡೌನ್‌ಲೋಡ್ ಮಾಡ್ರಿ.

2022ರ ಏಪ್ರಿಲ್ 26ರಿಂದ ಲಸಿಕೆ ಪೂರ್ಣ ಆದವರಿಗೆ ಸಿಂಗಾಪುರಕ್ಕ ಹೊರಡೋ ಮೊದಲಿನ ಕೋವಿಡ್ ಟೆಸ್ಟ್ ಬೇಕಿರಲಿಲ್ಲ. ಅಲ್ಲಿ ಇಳಿಯೋ ಮುಂಚಿನ 3 ದಿನದೊಳಗ ಎಸ್‌ಜಿ ಅರೈವಲ್ ಕಾರ್ಡ್ (ಸಿಂಗಾಪುರಕ್ಕ ಬರೋರ ಆನ್‌ಲೈನ್ ಫಾರ್ಮ್) ತುಂಬಬೇಕು. ಇದು ವೀಸಾ ಅಲ್ಲ, ವೀಸಾ ಬ್ಯಾರೇನ ಮಾಡಿಸ್ಬೇಕು. ಆಗ ವಾಪಸ್ ಬರುವಾಗ ಏರ್ ಸುವಿಧಾ (ಭಾರತಕ್ಕ ಬರೋರ ಆನ್‌ಲೈನ್ ಆರೋಗ್ಯ ಫಾರ್ಮ್) ತುಂಬಬೇಕಿತ್ತು; 2022ರ ನವೆಂಬರ್‌ನಾಗ ಅದು ನಿಂತು ಹೋತು.