ಸುಸ್ಥಿರ ಬದುಕಿಗೂ ಒಂದು ಎಂಎ ಬೇಕಾ?

ಲೆಕ್ಕದವಳು
ಆರು ವರ್ಷದಿಂದ ಅಕೌಂಟ್ಸ್ ಕೆಲಸದಲ್ಲಿದ್ದೇನೆ. ಅದನ್ನು ಬಿಟ್ಟು ಸುಸ್ಥಿರ ಬದುಕಿನ ಬಗ್ಗೆ ಎರಡು ವರ್ಷದ ಎಂಎ ಸೇರುವ ಯೋಚನೆ ಇದೆ. "ಕಡಿಮೆ ಖರ್ಚಿನಲ್ಲಿ ಬದುಕುವುದನ್ನು ಕಲಿಯಲು ಅಷ್ಟೊಂದು ಫೀಸಾ?" ಎಂದು ಮನೆಯಲ್ಲಿ ನಗುತ್ತಾರೆ. ಅದರಲ್ಲೂ ಅರ್ಥ ಇದೆ, ಅಲ್ವಾ?

ನಾನಾಗಿಯೇ ಕಲಿಯಲು ನೋಡಿದ್ದೂ ಆಯಿತು. ಬಾಲ್ಕನಿಯಲ್ಲಿ ಡ್ರಮ್ ಇಟ್ಟು ಕಾಂಪೋಸ್ಟ್ ಶುರು ಮಾಡಿದೆ. ಮೂರನೇ ವಾರಕ್ಕೆ ಕಪ್ಪು ರಾಡಿ, ಹುಳ, ಗಬ್ಬು ವಾಸನೆ. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. ಹತ್ತು ವಿಡಿಯೋ ನೋಡಿ ಮಾಡಿದ್ದು ಮತ್ತೆ!

ಸಿಲಬಸ್ ತೆರೆದರೆ ಸುಸ್ಥಿರ ಅಭಿವೃದ್ಧಿ ಅಂದರೇನು ಅಂತ ಹೇಳಿದ 1987ರ ಬ್ರುಂಟ್‌ಲಂಡ್ ವರದಿ, ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳು... ಇವನ್ನು ಮನೆಯಲ್ಲೇ ಕೂತು ಓದಬಹುದು. ಅಲ್ಲಿಗೇ ಹೋಗಿ ಕಲಿಯುವಂಥದ್ದು ಏನಿದೆ? ಓದಿದವರು ಹೇಳಿ.

ತರಗೆಲೆ
ಇಂಥದ್ದೇ ಕೋರ್ಸ್ ಮುಗಿಸಿ ನಾಲ್ಕು ವರ್ಷವಾಯಿತು. ಮೊದಲ ವಾರವೇ ಮೇಷ್ಟ್ರು ಥರ್ಮಾಮೀಟರ್ ಕೊಟ್ಟು, ಸ್ನಾನದ ನೀರು ಅಳೆದುಕೊಂಡು ಬನ್ನಿ ಎಂದರು. ನನ್ನದು 20 ಲೀಟರ್, 25 ಡಿಗ್ರಿ ಏರಿಸಿದ್ದೆ. ಲೆಕ್ಕ ಹಾಕಿದರೆ ಹೆಚ್ಚೂಕಡಿಮೆ 0.58 ಯೂನಿಟ್ ಕರೆಂಟು. ಅಷ್ಟರಲ್ಲಿ 9 ವಾಟ್‌ನ ಎಲ್‌ಇಡಿ ಬಲ್ಬು 64 ಗಂಟೆ ಉರಿಯುತ್ತದೆ. ರೂಮಿನಿಂದ ಹೊರಡುವಾಗಲೆಲ್ಲ ಲೈಟ್ ಆರಿಸಿ ಬೀಗುತ್ತಿದ್ದವನು ನಾನು!

ಇನ್ನೊಮ್ಮೆ ಬಟ್ಟೆ ಚೀಲದ ಸರದಿ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಒಂದು ಲೆಕ್ಕ ಪ್ರಕಟಿಸಿತ್ತು. ಹವಾಮಾನದ ಮಟ್ಟಿಗೆ ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಬೇಕಾದರೆ ಹತ್ತಿ ಚೀಲವನ್ನು 52 ಸಲ ಬಳಸಬೇಕು. ಬೇರೆ ಎಲ್ಲ ಪರಿಣಾಮಗಳನ್ನೂ ಹಿಡಿದರೆ 7,100 ಸಲ. ಕ್ಲಾಸಲ್ಲಿ ಗಲಾಟೆಯೋ ಗಲಾಟೆ. ಕೊನೆಗೆ ಒಬ್ಬಳು ವರದಿಯನ್ನು ಪೂರ್ತಿ ಓದಿ ಬಂದಳು. ಎಲ್ಲೆಂದರಲ್ಲಿ ಬಿಸಾಡಿದ ಪ್ಲಾಸ್ಟಿಕ್ಕಿನ ಹಾನಿ ಆ ಲೆಕ್ಕಕ್ಕೇ ಸೇರಿರಲಿಲ್ಲ! ಲೆಕ್ಕದೊಳಗೆ ಏನು ಬಂತು, ಏನು ಹೊರಗುಳಿಯಿತು ಅಂತ ಕೇಳುವುದನ್ನು ಕಲಿತದ್ದು ಅವತ್ತೇ. ಒಬ್ಬನೇ ಓದಿದ್ದರೆ 7,100 ನೋಡಿ ಪುಸ್ತಕ ಮುಚ್ಚುತ್ತಿದ್ದೆ.

ನಿಮ್ಮ ಡ್ರಮ್ಮಿಗೆ ಬರೀ ಹಸಿ ಕಸ ಬಿದ್ದಿದೆ, ಗಾಳಿ ಆಡಿಲ್ಲ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಇಂಗಾಲ ಹೆಚ್ಚಿರುವ ಒಣ ಎಲೆ ಜಾಸ್ತಿ ಹಾಕಿ, ಆಗಾಗ ಕೈಯಾಡಿಸಿ.

ಅಡ್ಡಮಾತು
ಎಲ್ಲ ಕಡೆ ಇಂಥ ಮೇಷ್ಟ್ರು ಸಿಗುವುದಿಲ್ಲ ಸ್ವಾಮಿ. ನಾನು ಸೇರಿದ ಕಡೆ ಎಸಿ ರೂಮಿನಲ್ಲಿ ಕಿಟಕಿ ಮುಚ್ಚಿಕೊಂಡು ಸ್ಲೈಡ್ ತೋರಿಸಿದರು. ಒಂದು ಸೆಮಿಸ್ಟರಿಗೇ ಬಿಟ್ಟೆ. ಕೈಯಲ್ಲಿ ಮಾಡಿಸುವ ಕಡೆಯ ಕಥೆಯೂ ಸುಲಭವಿಲ್ಲ. ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ಭಾರತ ಮೂಲದ ಪರಿಸರವಾದಿ ಸತೀಶ್ ಕುಮಾರ್ ಮತ್ತಿತರರು ಕಟ್ಟಿದ ಶುಮಾಕರ್ ಕಾಲೇಜಿನಲ್ಲಿ ಅಡುಗೆ, ತೋಟ, ಗುಡಿಸುವುದು ಎಲ್ಲವೂ ಓದಿನ ಭಾಗವೇ ಆಗಿತ್ತು. 2024ರಲ್ಲಿ ಅಲ್ಲಿನ ಪದವಿ ಕೋರ್ಸ್‌ಗಳು ನಿಂತವು. ಫೀಸು ಕಟ್ಟುವ ಮುಂಚೆ ಒಂದು ದಿನ ಸುಮ್ನೆ ಹೋಗಿ ಕೂತು ಬನ್ನಿ. ಕ್ಯಾಂಟೀನಿನ ಕಸ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಯಾರಿಗೂ ಗೊತ್ತಿಲ್ಲದಿದ್ದರೆ ವಾಪಸ್ ಬನ್ನಿ.

ಲೆಕ್ಕದವಳು
ಕಸದ ಪ್ರಶ್ನೆ ಬರೆದಿಟ್ಟುಕೊಂಡೆ. ತರಗೆಲೆ ಅವರೇ, ಆ ಚೀಲದ ಕಥೆ ಓದಿ ನಗು ಬಂತು. ಖರ್ಚನ್ನು ಯಾವ ತಲೆಬರಹದಡಿ ಬರೆಯಬೇಕು, ಯಾವುದನ್ನು ಬಿಡಬೇಕು ಅಂತ ಆರು ವರ್ಷ ನಾನು ಜಗಳ ಆಡಿದ್ದೂ ಅದೇ ತಾನೇ! ಸೇರಿದರೆ ತೀರಾ ಹೊಸಬಳಾಗಿ ಹೋಗುವುದಿಲ್ಲ ಅನಿಸುತ್ತಿದೆ.

ಒಣ ಎಲೆ ಸದ್ಯಕ್ಕೆ ಸಿಗುತ್ತಿಲ್ಲ. ಪಾರ್ಸೆಲ್ ಬಂದ ರಟ್ಟಿನ ಡಬ್ಬ ರಾಶಿ ಬಿದ್ದಿವೆ. ನಡೆಯುತ್ತದಾ?

ತರಗೆಲೆ
ಧಾರಾಳವಾಗಿ. ಟೇಪು ಕಿತ್ತು, ಸಣ್ಣದಾಗಿ ಹರಿದು ಹಾಕಿ. ಹೊಳೆಯುವ ಪ್ರಿಂಟ್ ಇರುವುದು ಬೇಡ.