ಎನ್‌ವಿಎಂಇ ಡಿಸ್ಕಿಗೆ ಒಂದೇ ಫ್ಲಶ್ ಥ್ರೆಡ್ ಸಾಕಾ?

ರಾಜಾಜಿನಗರ_ಎಡಿಟರ್: ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಲಿನಕ್ಸ್ ಮೆಷಿನ್ನಲ್ಲಿ ಒಂದು ಎನ್‌ವಿಎಂಇಯಿಂದ (ವೇಗದ ಎಸ್‌ಎಸ್‌ಡಿ) ಇನ್ನೊಂದಕ್ಕೆ ಸಾವಿರಾರು ಕ್ಲಿಪ್ ಕಾಪಿ ಮಾಡಿದರೆ ಮೊದಲು ಗಾಳಿ ಹಾಗೆ ಹೋಗುತ್ತದೆ, ಆಮೇಲೆ ಕುಂಟುತ್ತದೆ. ಯಾವುದು ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ಟಾಪ್ ಕಮಾಂಡ್ ಕೊಟ್ಟು ನೋಡಿದೆ. ರ‍್ಯಾಮ್‌ನಲ್ಲಿ ಕಾದಿರುವ ಡೇಟಾವನ್ನು ಡಿಸ್ಕಿಗೆ ಬರೆಯುವ, ಅಂದರೆ ಫ್ಲಶ್ ಮಾಡುವ ಕೆವರ್ಕರ್ (ಲಿನಕ್ಸ್‌ನ ತಿರುಳಾದ ಕರ್ನಲ್‌ನ ಥ್ರೆಡ್) ಒಂದು ಕೋರನ್ನು ಪೂರ್ತಿ ತಿನ್ನುತ್ತಿದೆ, ಉಳಿದ 15 ಸುಮ್ನೆ ಕೂತಿವೆ. ದರ್ಶಿನಿಯಲ್ಲಿ ಹತ್ತು ಹೆಂಚು ಕಾಯಿಸಿ ಒಬ್ಬನೇ ಭಟ್ಟನನ್ನು ನಿಲ್ಲಿಸಿದ ಹಾಗಾಯಿತು!

ಹಳೇ_ತಟ್ಟೆ: ಮೊದಲು ಪಿಡಿಫ್ಲಶ್ ಅಂತ 2ರಿಂದ 8 ಥ್ರೆಡ್ ಇದ್ದವು, ಎಲ್ಲ ಡಿಸ್ಕಿಗೂ ಸೇರಿ. ನಿಧಾನದ ಡಿಸ್ಕೊಂದರ ಮುಂದೆ ಅವು ಸಿಕ್ಕಿಕೊಂಡರೆ ಬೇರೆ ಡಿಸ್ಕುಗಳೂ ಕಾಯಬೇಕಿತ್ತು. 2009ರ 2.6.32 ಕರ್ನಲ್‌ನಲ್ಲಿ ಡೆವಲಪರ್ ಜೆನ್ಸ್ ಆಕ್ಸ್‌ಬೊ ಅದನ್ನು ಡಿಸ್ಕಿಗೊಂದು ಥ್ರೆಡ್ ಮಾಡಿದರು. ತಿರುಗುವ ಡಿಸ್ಕಿಗೆ ಅದೇ ಸರಿ. ನಾಲ್ಕು ಜನ ನಾಲ್ಕು ಕಡೆ ಎಳೆದರೆ ಹೆಡ್ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ.

ಪೀಣ್ಯ_ಪೆಂಗ್ವಿನ್: ಡರ್ಟಿ ರೇಷಿಯೋ (ಡಿಸ್ಕಿಗೆ ಇನ್ನೂ ಬರೆಯದ ಡೇಟಾ ಬಳಕೆಗೆ ಸಿಗುವ ರ‍್ಯಾಮ್‌ನಲ್ಲಿ ಶೇಕಡಾ ಎಷ್ಟಿರಬಹುದು ಅನ್ನುವ ಮಿತಿ) 20 ಇದೆಯಲ್ಲ, 60 ಮಾಡಿ ನೋಡಿ.

ಜಯನಗರ_ಅಡ್ಮಿನ್: ಬೇಡ ಮಾರಾಯ್ರೇ. ಕುಂಟುವುದು ಸ್ವಲ್ಪ ತಡವಾಗಿ ಶುರುವಾಗುತ್ತದೆ, ಅಷ್ಟೇ. ಡರ್ಟಿ ಪೇಜ್, ಅಂದರೆ ಹಾಗೆ ಬರೆಯದೆ ಉಳಿದ ಡೇಟಾ, ಮೊದಲೇ 30 ಸೆಕೆಂಡ್ ರ‍್ಯಾಮ್‌ನಲ್ಲಿ ಕೂರಬಹುದು. ನಾಲ್ಕು ಹನಿ ಮಳೆಗೆ ಕರೆಂಟ್ ಹೋಗುವ ಊರಿನಲ್ಲಿ ಯಾರದ್ದೋ ತಾಳಿ ಕಟ್ಟುವ ಕ್ಲಿಪ್ಪೇ ಹೋದರೆ? ಮೊದಲು ಡಿಸ್ಕನ್ನೇ ಅನುಮಾನಿಸಿ. ಎಸ್‌ಎಸ್‌ಡಿಯ ಎಸ್‌ಎಲ್‌ಸಿ ಕ್ಯಾಶ್ (ಮೊದಲು ವೇಗವಾಗಿ ಬರೆದುಕೊಳ್ಳುವ ಭಾಗ) ತುಂಬಿದರೂ ಹೀಗೇ ಆಗುತ್ತದೆ. ಡೈರೆಕ್ಟ್ ರೈಟ್ ಮಾಡಿ, ರ‍್ಯಾಮ್‌ನಲ್ಲಿರುವ ಪೇಜ್ ಕ್ಯಾಶ್ ಬಿಟ್ಟು ನೇರ ಡಿಸ್ಕಿಗೆ ಹೋಗುತ್ತದೆ. ಆಗಲೂ ಕುಂಟಿದರೆ ಕರ್ನಲ್ ತಪ್ಪಲ್ಲ.

ರಾಜಾಜಿನಗರ_ಎಡಿಟರ್: ಮಾಡಿದೆ. ಅಷ್ಟೇ ಡೇಟಾ, ಕೊನೆಯವರೆಗೂ ಅದೇ ಸ್ಪೀಡು.

ಜಯನಗರ_ಅಡ್ಮಿನ್: ಹಾಗಾದರೆ ನಿಮ್ಮ ಭಟ್ಟರದ್ದೇ ತೊಂದರೆ, ಒಪ್ಪಿದೆ.

ಪೀಣ್ಯ_ಪೆಂಗ್ವಿನ್: ಹಾಗಿದ್ದರೆ ಕೋರಿಗೊಂದು ಥ್ರೆಡ್ ಕೊಟ್ಟರೆ ಮುಗೀತಲ್ವಾ?

ಹಳೇ_ತಟ್ಟೆ: ಮುಗಿಯಲ್ಲ. ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಡಿಸ್ಕನ್ನು ಅಲೊಕೇಶನ್ ಗ್ರೂಪ್‌ಗಳಾಗಿ ಹಂಚಿಕೊಂಡಿರುತ್ತದೆ. ಒಂದು ಗ್ರೂಪಿನಲ್ಲಿ ಜಾಗ ಹುಡುಕಲು ಹಲವು ಥ್ರೆಡ್ ನುಗ್ಗಿದರೆ ಲಾಕ್‌ಗೆ (ಒಂದು ಸಲಕ್ಕೆ ಒಂದೇ ಥ್ರೆಡ್‌ಗೆ ಬಿಡುವ ಬೀಗ) ಕಿತ್ತಾಟ. ಜೊತೆಗೆ ಫೈಲುಗಳ ತುಂಡುಗಳು ಒಂದರ ನಡುವೆ ಒಂದು ಸೇರಿ ಚೂರುಚೂರಾಗುತ್ತವೆ. ಒಂದೇ ಹೆಂಚಿಗೆ ಇಬ್ಬರು ಹಿಟ್ಟು ಹುಯ್ದರೆ ಯಾವ ದೋಸೆಯೂ ದುಂಡಗೆ ಬರಲ್ಲ. ಥ್ರೆಡ್ ಲೆಕ್ಕವನ್ನು ಫೈಲ್‌ಸಿಸ್ಟಮ್ ಹೇಳಬೇಕು, ಸಿಪಿಯು ಅಲ್ಲ.

ರಾಜಾಜಿನಗರ_ಎಡಿಟರ್: ಎಕ್ಸ್‌ಎಫ್‌ಎಸ್ ಇನ್ಫೋ ಕಮಾಂಡ್ ಕೊಟ್ಟು ನೋಡಿದೆ, ನನ್ನದರಲ್ಲಿ 4 ಗ್ರೂಪ್.

ಹಳೇ_ತಟ್ಟೆ: ಹಾಗಾದರೆ ನಾಲ್ಕು ಥ್ರೆಡ್‌ಗೆ ಕೆಲಸ ಇದೆ, 16ಕ್ಕೆ ಇಲ್ಲ. ಇನ್ನೊಂದು ಮಾತು. ಕೆಲಸವನ್ನು ಇನೋಡ್ (ಪ್ರತಿ ಫೈಲಿನ ದಾಖಲೆ) ಲೆಕ್ಕದಲ್ಲಿ ಹಂಚಿದರೆ ಒಂದು ಫೈಲು ಒಂದೇ ಥ್ರೆಡ್ ಪಾಲು. ಕ್ಲಿಪ್‌ಗಳಿಗೆ ಲಾಭ. ಎಲ್ಲ ಸೇರಿಸಿ ತೆಗೆಯುವ ಆ ದೊಡ್ಡ ಫೈನಲ್ ಫೈಲಿಗೆ ಏನೂ ಸಿಗಲ್ಲ.

ರಾಜಾಜಿನಗರ_ಎಡಿಟರ್: ಅಯ್ಯೋ, ಗಿರಾಕಿ ಕಾಯುವುದೇ ಅದಕ್ಕೆ!