ಅಪ್‌ಡೇಟ್: ಅಪ್ಪ-ಅಮ್ಮನ ಜೊತೆ ಏಷ್ಯನ್ ಫ್ಯೂಷನ್ ಊಟ

ಸಸ್ಯಾಹಾರಿ ಅಪ್ಪ-ಅಮ್ಮನನ್ನು ಇಂದಿರಾನಗರದ ಏಷ್ಯನ್ ಫ್ಯೂಷನ್ ರೆಸ್ಟೋರೆಂಟ್‌ಗೆ ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು.

ನೀವು ಹೇಳಿದಂತೆ ರೆಸ್ಟೋರೆಂಟ್‌ಗೆ ಮೊದಲೇ ಫೋನ್ ಮಾಡಿ ಯಾವುದರಲ್ಲಿ ಏನು ಹಾಕುತ್ತಾರೆಂದು ಕೇಳಿದ್ದು ಒಳ್ಳೆಯದೇ ಆಯಿತು. ತರಕಾರಿ ರಾಮೆನ್ (ಜಪಾನಿ ನೂಡಲ್ಸ್) ಸೂಪಿಗೂ ದಾಶಿ ಅನ್ನೋ ಜಪಾನಿ ಸಾರು ಹಾಕುತ್ತಾರಂತೆ. ಅದರಲ್ಲಿ ಒಣಗಿಸಿದ ಬೊನಿಟೊ ಮೀನು ಇರುತ್ತದೆ! ನಮಗೆ ಶಿಟಾಕೆ ಅಣಬೆ, ಕೊಂಬು ಕಡಲಕಳೆ ಕುದಿಸಿ ಬೇರೆ ಸೂಪು ಮಾಡಿಕೊಟ್ಟರು. ಥಾಯ್ ಕರಿ ಬೇಡವೆಂದೆ, ಪೇಸ್ಟಿನಲ್ಲಿ ಸಿಗಡಿ ಇತ್ತು. ಕೊರಿಯಾದ ಉಪ್ಪಿನಕಾಯಿಯಂಥ ಕಿಮ್ಚಿಯೂ ಬೇಡವೆಂದೆ, ಅದರಲ್ಲಿ ಫಿಶ್ ಸಾಸ್.

ಅಮ್ಮ ಮೆಚ್ಚಿದ್ದು ಬರ್ಮಾದ ಖಾವ್ ಸುಯೆ. ತೆಂಗಿನಹಾಲಿನ ಸಾರು, ನೂಡಲ್ಸ್, ಮೇಲೆ ಹುರಿದ ಈರುಳ್ಳಿ, ಕಡಲೆಕಾಯಿ. ನಿಂಬೆಹಣ್ಣು ಇನ್ನೊಂದು ಹೋಳು ಕೇಳಿ ಹಿಂಡಿಕೊಂಡರು. ಅಪ್ಪನಿಗೆ ಆ ಮಬ್ಬು ಬೆಳಕೇ ಕಿರಿಕಿರಿ, ಫೋನಿನ ಟಾರ್ಚ್ ಹಾಕಿ ಮೆನು ಓದಿದರು. ಸುಮ್ನೆ ಸ್ಟೈಲು, ಅಲ್ವಾ?

ಬಿಲ್ಲು ಜಾಸ್ತಿಯೇ. ಅತ್ತೆ-ಮಾವ ಬಂದಾಗ ಮಾತ್ರ ಬೇರೆ ಜಾಗ ನೋಡಬೇಕು, ಅವರು ಈರುಳ್ಳಿ-ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ.